ಮನೆಯ ನಾಲ್ಕು ಕಿಂಡಿಯ ಪೆಟ್ಟಿಗೆಗೆ ಯಾವ ಹಾರ್ಡ್ ಡಿಸ್ಕ್ ಕೊಳ್ಳುವುದು?

ತಾಳಮದ್ದಳೆ_ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಸಾಗರ, ಸಿದ್ದಾಪುರ, ಹೊಸನಗರದ ಸುತ್ತಮುತ್ತ ನಡೆಯುತ್ತಿದ್ದ ತಾಳಮದ್ದಳೆಗಳನ್ನು ಇಪ್ಪತ್ತೈದು ವರ್ಷಗಳ ಕಾಲ ಕ್ಯಾಸೆಟ್‌ಗಳಲ್ಲಿ ಮುದ್ರಿಸಿಕೊಂಡಿದ್ದರು. ತೊಂಬತ್ತು ನಿಮಿಷದ ಸುಮಾರು 700 ಕ್ಯಾಸೆಟ್‌ಗಳು ನಮ್ಮಲ್ಲಿವೆ. ಕಳೆದ ಮೂರು ವರ್ಷಗಳಲ್ಲಿ ಅವನ್ನೆಲ್ಲ 96 ಕಿಲೋಹರ್ಟ್ಜ್, 24 ಬಿಟ್ ಗುಣಮಟ್ಟದಲ್ಲಿ ಕಂಪ್ಯೂಟರಿಗೆ ಇಳಿಸಿದ್ದೇನೆ. ಈ ಗುಣಮಟ್ಟದಲ್ಲಿ ಗಂಟೆಗೆ ಸುಮಾರು ಎರಡು ಗಿಗಾಬೈಟ್ ಬೇಕಾಗುವುದರಿಂದ ಧ್ವನಿಯೇ ಎರಡು ಟೆರಾಬೈಟ್ ದಾಟಿದೆ. ಮನೆಯ ಫೋಟೊ, ಮದುವೆಯ ವಿಡಿಯೊಗಳನ್ನು ಸೇರಿಸಿದರೆ ಒಟ್ಟು ಐದು ಟೆರಾಬೈಟ್ ಆಗುತ್ತದೆ. ಇವೆಲ್ಲ ಈಗ ಯುಎಸ್‌ಬಿಯಲ್ಲಿ ಚುಚ್ಚುವ ಎರಡು ಡಿಸ್ಕುಗಳಲ್ಲಿ ಒಂದೊಂದು ಪ್ರತಿಯಾಗಿ ಇವೆ. ಅವುಗಳಲ್ಲಿ ಒಂದು ಕಳೆದ ವಾರದಿಂದ ಟಿಕ್ ಟಿಕ್ ಎನ್ನತೊಡಗಿದೆ.

ಆದ್ದರಿಂದ ನಾಲ್ಕು ಡಿಸ್ಕ್ ಹಿಡಿಯುವ, ಮನೆಯ ಜಾಲಕ್ಕೆ ಜೋಡಿಸುವ ನ್ಯಾಸ್ ಎಂಬ ಪೆಟ್ಟಿಗೆಯೊಂದನ್ನು ಕೊಂಡು, ಅದರಲ್ಲಿ 4 ಟೆರಾಬೈಟ್‌ನ (ಟಿಬಿ) ನಾಲ್ಕು ಡಿಸ್ಕುಗಳನ್ನು ಹಾಕಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಅವನ್ನು ಜೋಡಿಸುವ ರೇಡ್ 5 ಮಾಡಿಕೊಳ್ಳಬೇಕೆಂದಿದ್ದೇನೆ. ನ್ಯಾಸ್‌ಗೆಂದೇ ಮಾರುವ ಡಿಸ್ಕಿನ ಬೆಲೆ ಸಾಧಾರಣ ಡೆಸ್ಕ್‌ಟಾಪ್ ಡಿಸ್ಕಿನ ಬೆಲೆಗಿಂತ ಸಾಕಷ್ಟು ಹೆಚ್ಚಿದೆ. ಅಂಗಡಿಯವರನ್ನು ಕೇಳಿದರೆ, "ಒಳಗೆ ಎಲ್ಲಾ ಒಂದೇ ಸರ್, ಮೇಲಿನ ಚೀಟಿ ಬೇರೆ ಅಷ್ಟೆ" ಎಂದರು. ಅದು ನಿಜವೇ? ಯಾವ ಕಂಪನಿಯದು ಒಳ್ಳೆಯದು?

ಕರಾವಳಿ_ಸರ್ವರ್

ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮನ್ನು ಮುಳುಗಿಸುವಷ್ಟು ತಪ್ಪಾಗಿದೆ. ಕಂಪನಿ ಯಾವುದು ಎಂದು ಕೇಳುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ಡಿಸ್ಕು ತನ್ನ ತಟ್ಟೆಯ ಮೇಲೆ ಬರೆಯುವ ಕ್ರಮ ಯಾವುದು, ಸಿಎಂಆರ್ ಅಥವಾ ಎಸ್‌ಎಂಆರ್?

ನೀವು ಮಲೆನಾಡಿನವರಾದ್ದರಿಂದ ಹೆಂಚಿನ ಮಾಡನ್ನು ನೆನಪಿಸಿಕೊಂಡರೆ ಸಾಕು. ಸಿಎಂಆರ್ ಎಂದರೆ ಟ್ರ್ಯಾಕುಗಳು (ಮಾಹಿತಿ ಬರೆಯುವ ಸುತ್ತುಗೆರೆಗಳು) ಒಂದರ ಪಕ್ಕ ಒಂದು, ತಾಗದಂತೆ ಇರುವ ಹಳೆಯ ಪದ್ಧತಿ; ಯಾವುದೊಂದನ್ನು ತಿದ್ದಿದರೂ ಪಕ್ಕದ್ದಕ್ಕೆ ಧಕ್ಕೆಯಿಲ್ಲ. ಎಸ್‌ಎಂಆರ್‌ನಲ್ಲಿ ಟ್ರ್ಯಾಕುಗಳು ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಅದೇ ಜಾಗದಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತದೆ, ತಟ್ಟೆಯೊಂದು ಉಳಿದು ಡಿಸ್ಕು ಅಗ್ಗವಾಗುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಸಾಲನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಈ ಕಷ್ಟ ಹೊರಗೆ ಕಾಣದಿರಲೆಂದು ಡಿಸ್ಕು ಬಂದ ಮಾಹಿತಿಯನ್ನು ಮೊದಲು ಒಂದು ಸಣ್ಣ ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡು, ಬಿಡುವಾದಾಗ ಒಳಗೊಳಗೇ ಜೋಡಿಸಿಕೊಳ್ಳುತ್ತದೆ. ದಿನಕ್ಕೆ ನಾಲ್ಕು ಫೋಟೊ ಹಾಕುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ರೇಡ್‌ನಲ್ಲಿ ಒಂದು ಡಿಸ್ಕು ಸತ್ತು, ಹೊಸದನ್ನು ಹಾಕಿ ರೀಬಿಲ್ಡ್, ಅಂದರೆ ಸತ್ತದ್ದರ ಮಾಹಿತಿಯನ್ನು ಉಳಿದವುಗಳಿಂದ ಮತ್ತೆ ಕಟ್ಟುವ ಕೆಲಸ, ಶುರುಮಾಡಿದ ದಿನ ಮಾತ್ರ ಅದಕ್ಕೆ ಬಿಡುವೇ ಸಿಗುವುದಿಲ್ಲ. ತಾತ್ಕಾಲಿಕ ಜಾಗ ತುಂಬಿ, ಬರೆಯುವ ವೇಗ ಪಾತಾಳಕ್ಕೆ ಇಳಿದು, ಕೆಲವೊಮ್ಮೆ ಡಿಸ್ಕು ಉತ್ತರಿಸುವುದು ತಡವಾಗಿ, ಅದೂ ಸತ್ತಿದೆಯೆಂದು ತಿಳಿದು ನಿಯಂತ್ರಕವು ಅದನ್ನು ಹೊರಗೆ ಹಾಕುತ್ತದೆ.

"ಮೇಲಿನ ಚೀಟಿ" ಎಂಬ ಮಾತಿಗೆ ಬರೋಣ. 2020ರ ಏಪ್ರಿಲ್‌ನಲ್ಲಿ ಹೊರಬಿದ್ದ ಸಂಗತಿ ಇದು: ವೆಸ್ಟರ್ನ್ ಡಿಜಿಟಲ್ ಕಂಪನಿಯು ನ್ಯಾಸ್‌ಗೆಂದೇ ಮಾರುತ್ತಿದ್ದ ರೆಡ್ ಸರಣಿಯ 2ರಿಂದ 6 ಟಿಬಿಯವರೆಗಿನ ಕೆಲವು ಮಾದರಿಗಳಲ್ಲಿ, ಖರೀದಿಸುವವರಿಗೆ ತಿಳಿಸದೆಯೇ ಎಸ್‌ಎಂಆರ್ ಅಳವಡಿಸಿತ್ತು. 4 ಟಿಬಿಯಲ್ಲಿ ಇಎಫ್‌ಆರ್‌ಎಕ್ಸ್ ಎಂದು ಮುಗಿಯುವ ಮಾದರಿ ಸಿಎಂಆರ್, ಇಎಫ್‌ಎಎಕ್ಸ್ ಎಂದು ಮುಗಿಯುವುದು ಎಸ್‌ಎಂಆರ್; ಡಬ್ಬಿಯ ಮೇಲಿನ ಹೆಸರು ಮಾತ್ರ ಒಂದೇ. ಆಗ ನಡೆದ ಒಂದು ಸ್ವತಂತ್ರ ಪರೀಕ್ಷೆಯಲ್ಲಿ, ಬೇರೆ ಡಿಸ್ಕುಗಳು ಒಂದು ದಿನದೊಳಗೆ ಮುಗಿಸಿದ ಜೆಡ್‌ಎಫ್‌ಎಸ್ (ಡಿಸ್ಕುಗಳಲ್ಲಿ ಕಡತಗಳನ್ನು ಇಡುವ ಒಂದು ವ್ಯವಸ್ಥೆ) ರೀಬಿಲ್ಡಿಗೆ ಈ ಎಸ್‌ಎಂಆರ್ ಡಿಸ್ಕು ಒಂಬತ್ತು ದಿನಕ್ಕೂ ಹೆಚ್ಚು ತೆಗೆದುಕೊಂಡಿತು. ಗಲಾಟೆಯಾದ ಮೇಲೆ ಕಂಪನಿಯು ಸಿಎಂಆರ್ ಡಿಸ್ಕುಗಳನ್ನು ರೆಡ್ ಪ್ಲಸ್ ಎಂಬ ಹೊಸ ಹೆಸರಿನಡಿ ಬೇರ್ಪಡಿಸಿತು. ಸೀಗೇಟ್‌ನ ಐರನ್‌ವುಲ್ಫ್, ತೋಷಿಬಾದ ಎನ್300 ಸಿಎಂಆರ್ ಆಗಿವೆ. ಅದೇ ಸೀಗೇಟ್‌ನ 4 ಟಿಬಿ ಬಾರಾಕುಡ, ಅಂದರೆ ಬಹುಶಃ ನಿಮಗೆ ಅಗ್ಗವಾಗಿ ಕಂಡ ಡಿಸ್ಕು, ಎಸ್‌ಎಂಆರ್. ಕಂಪನಿಯ ತಾಣದಲ್ಲಿ ಪೂರ್ತಿ ಮಾದರಿ ಸಂಖ್ಯೆಯನ್ನು ಹಾಕಿ ನೋಡದೆ ದುಡ್ಡು ಕೊಡಬೇಡಿ.

ಲೆಕ್ಕದ_ಹುಳು

ಮೇಲಿನ ಉತ್ತರಕ್ಕೆ ಇನ್ನೊಂದು ವ್ಯತ್ಯಾಸವನ್ನು ಸೇರಿಸುತ್ತೇನೆ. ಓದಲಾಗದ ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಣುಕು) ಸಿಕ್ಕಾಗ ಡೆಸ್ಕ್‌ಟಾಪ್ ಡಿಸ್ಕು ಪಟ್ಟು ಬಿಡದೆ ಒಂದು ನಿಮಿಷವೋ ಎರಡು ನಿಮಿಷವೋ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಮಾಹಿತಿಯ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲವೆಂಬ ಊಹೆಯ ಮೇಲೆ ಅದನ್ನು ರೂಪಿಸಿರುವುದರಿಂದ ಅದು ಸರಿಯೇ. ಇಂತಹ ಪೆಟ್ಟಿಗೆಗಳನ್ನು ಹೆಚ್ಚಾಗಿ ಓಡಿಸುವ ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಡಿಸ್ಕನ್ನೇ ರೀಸೆಟ್ ಮಾಡುತ್ತದೆ. ನ್ಯಾಸ್ ಡಿಸ್ಕು ಸುಮಾರು ಏಳು ಸೆಕೆಂಡಿಗೆ ಕೈಚೆಲ್ಲಿ "ಇದು ಓದಲಾಗಲಿಲ್ಲ" ಎಂದು ಒಪ್ಪಿಕೊಳ್ಳುತ್ತದೆ, ಆಗ ರೇಡ್ ಉಳಿದ ಡಿಸ್ಕುಗಳಿಂದ ಆ ತುಣುಕನ್ನು ಮರಳಿ ಕಟ್ಟಿಕೊಡುತ್ತದೆ. ವೆಸ್ಟರ್ನ್ ಡಿಜಿಟಲ್‌ನವರು ಇದನ್ನು ಟಿಎಲ್‌ಇಆರ್ ಎಂದೂ ಸೀಗೇಟ್‌ನವರು ಇಆರ್‌ಸಿ ಎಂದೂ ಕರೆಯುತ್ತಾರೆ. ಕೆಲವು ಡೆಸ್ಕ್‌ಟಾಪ್ ಡಿಸ್ಕುಗಳಲ್ಲಿಯೂ ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಸಿಟಿಎಲ್ ಎಂಬ ಆದೇಶದಿಂದ ಇದನ್ನು ಹೊಂದಿಸಬಹುದು, ಆದರೆ ಕರೆಂಟು ಹೋಗಿ ಬಂದರೆ ಅದು ಮರೆತುಹೋಗುತ್ತದೆ. ಸಾಗರದ ಮಳೆಗಾಲದಲ್ಲಿ ಅದು ದಿನಕ್ಕೆಷ್ಟು ಸಲ ಮರೆಯುತ್ತದೆಂದು ನೀವೇ ಊಹಿಸಿಕೊಳ್ಳಿ.

ಇನ್ನು ರೇಡ್ 5ರ ಬಗ್ಗೆ. ಅಗ್ಗದ ಡಿಸ್ಕುಗಳ ವಿವರಪತ್ರದಲ್ಲಿ ಓದಲಾಗದ ದೋಷದ ಪ್ರಮಾಣ 10ರ 14ನೆಯ ಘಾತದಷ್ಟು ಬಿಟ್‌ಗಳಿಗೆ ಒಂದು ಎಂದಿರುತ್ತದೆ, ಅಂದರೆ 12.5 ಟಿಬಿ ಓದಿದರೆ ಒಂದು. ನಿಮ್ಮ ನಾಲ್ಕರಲ್ಲಿ ಒಂದು ಸತ್ತರೆ ಉಳಿದ ಮೂರನ್ನು, ಎಂದರೆ 12 ಟಿಬಿಯನ್ನು, ಒಂದು ಅಕ್ಷರವೂ ತಪ್ಪದಂತೆ ಓದಬೇಕು. ಲೆಕ್ಕ ಹಾಕಿದರೆ ಎಲ್ಲಿಯಾದರೂ ಎಡವುವ ಸಾಧ್ಯತೆ ಶೇಕಡ 60ಕ್ಕೂ ಮೇಲೆ ಬರುತ್ತದೆ. ಆದ್ದರಿಂದ ರೇಡ್ 5 ಬೇಡ. ಎರಡು ಡಿಸ್ಕು ಸತ್ತರೂ ತಡೆಯುವ ರೇಡ್ 6 ಮಾಡಿಕೊಳ್ಳಿ.

ಹಳೆಯ_ಸ್ಪಿಂಡಲ್

ಈ ಶೇಕಡ 60ರ ಲೆಕ್ಕವನ್ನು ನಾನು ಹದಿನೈದು ವರ್ಷಗಳಿಂದ ಕೇಳುತ್ತಿದ್ದೇನೆ. ಗುಣಾಕಾರ ಸರಿಯಾಗಿದೆ, ಆದರೆ ಗುಣಿಸಿದ ಸಂಖ್ಯೆಯ ಅರ್ಥ ಬೇರೆ. ವಿವರಪತ್ರದಲ್ಲಿರುವುದು "ಇದಕ್ಕಿಂತ ಹೆಚ್ಚಾಗದು" ಎಂಬ ಗರಿಷ್ಠ ಮಿತಿಯೇ ಹೊರತು ಅಳೆದು ಕಂಡ ಸರಾಸರಿಯಲ್ಲ. ಅದು ಸರಾಸರಿಯಾಗಿದ್ದಿದ್ದರೆ, ತಿಂಗಳಿಗೊಮ್ಮೆ 12 ಟಿಬಿಯನ್ನು ಪೂರ್ತಿ ಓದಿ ತಾಳೆ ನೋಡುವ ನಮ್ಮಂತಹವರಿಗೆ ಹೆಚ್ಚುಕಡಿಮೆ ಪ್ರತಿ ತಿಂಗಳೂ ಒಂದು ದೋಷ ಸಿಗಬೇಕಿತ್ತು. ನನ್ನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಒಂದೂ ಸಿಕ್ಕಿಲ್ಲ. ರೀಬಿಲ್ಡ್ ಕೆಡುವುದು ಹೆಚ್ಚಾಗಿ ಬೇರೆ ಕಾರಣದಿಂದ: ಐದು ವರ್ಷ ಯಾರೂ ಓದದೆ ಬಿಟ್ಟ ಮೂಲೆಯೊಂದರಲ್ಲಿ ಸೆಕ್ಟರ್ ಎಂದೋ ಹಾಳಾಗಿರುತ್ತದೆ, ಅದು ಬೆಳಕಿಗೆ ಬರುವುದು ಉಳಿದ ಡಿಸ್ಕುಗಳನ್ನು ಪೂರ್ತಿ ಓದಲೇಬೇಕಾದ ದಿನ. ಕಣಜದ ತಳದ ಅಕ್ಕಿಗೆ ಹುಳ ಹಿಡಿದದ್ದು ಅಕ್ಕಿ ಮುಗಿಯುವ ಹೊತ್ತಿಗೆ ತಿಳಿಯುವ ಹಾಗೆ. ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಎಲ್ಲವನ್ನೂ ಓದಿ ತಾಳೆ ನೋಡುವ ಕೆಲಸ, ನಡೆಸಿದರೆ ಈ ಅಪಾಯದ ಬಹುಭಾಗ ಕಳೆಯುತ್ತದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಕಂಪನಿಯ ಪ್ರಶ್ನೆಗೆ ಬರುತ್ತೇನೆ. ಡಬ್ಬಿಯ ಮೇಲೆ ಹತ್ತು ಲಕ್ಷ ಗಂಟೆಯ ಬಾಳಿಕೆ ಎಂದು ಬರೆದಿರುತ್ತಾರೆ. ಅದು 114 ವರ್ಷ. ಒಂದು ಡಿಸ್ಕು ಅಷ್ಟು ಕಾಲ ಬದುಕುತ್ತದೆಂದು ಅದರ ಅರ್ಥವಲ್ಲ. ನೂರು ಡಿಸ್ಕುಗಳನ್ನು ಒಂದು ವರ್ಷ ಓಡಿಸಿದರೆ ಸುಮಾರು 0.88 ಡಿಸ್ಕು ಕೆಡುತ್ತದೆ ಎಂದಷ್ಟೇ ಅರ್ಥ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ದೊಡ್ಡ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿದಾಗ, ವರ್ಷಕ್ಕೆ ಬದಲಿಸಬೇಕಾಗಿ ಬಂದ ಡಿಸ್ಕುಗಳ ಪ್ರಮಾಣ ಶೇಕಡ 2ರಿಂದ 4ರಷ್ಟು ಇರುವುದು ಸಾಮಾನ್ಯವೆಂದು ಕಂಡರು. ಅದೇ ವರ್ಷ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿತು. ಕೆಟ್ಟ ಡಿಸ್ಕುಗಳ ಪೈಕಿ ಮೂರರಲ್ಲೊಂದಕ್ಕಿಂತ ಹೆಚ್ಚಿನವು ಸ್ಮಾರ್ಟ್ ಅಂಕಿಗಳಲ್ಲಿ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಯಾವ ಮುನ್ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು ಎಂಬುದು ಅದರಲ್ಲಿ ನನಗೆ ಇಂದಿಗೂ ಮುಖ್ಯವಾಗಿ ಕಾಣುವ ಮಾತು. ಟಿಕ್ ಟಿಕ್ ಸದ್ದು ಕೇಳಿಸಿಕೊಂಡ ನೀವು ಅದೃಷ್ಟವಂತರು.

ಜನರ ಮಾಹಿತಿಯ ಪ್ರತಿಗಳನ್ನು ಇಟ್ಟುಕೊಳ್ಳುವ ಬ್ಯಾಕ್‌ಬ್ಲೇಜ್ ಎಂಬ ಕಂಪನಿಯು 2013ರಿಂದ ತನ್ನ ಡಿಸ್ಕುಗಳ ಲೆಕ್ಕವನ್ನು ಸಾರ್ವಜನಿಕವಾಗಿ ಕೊಡುತ್ತ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಅವರ ಒಟ್ಟು ವಾರ್ಷಿಕ ವೈಫಲ್ಯ ಶೇಕಡ ಒಂದೂವರೆಯ ಆಸುಪಾಸಿನಲ್ಲಿದೆ. ಅದನ್ನೇ ಹಿಡಿದರೂ ನಿಮ್ಮ ನಾಲ್ಕು ಡಿಸ್ಕುಗಳಲ್ಲಿ ಒಂದಾದರೂ ಐದು ವರ್ಷದೊಳಗೆ ಕೆಡುವ ಸಾಧ್ಯತೆ ಕಾಲುಭಾಗ. ಆ ಪಟ್ಟಿಗಳಲ್ಲಿ ಗಮನಿಸಬೇಕಾದದ್ದೇನೆಂದರೆ, ಒಂದೇ ಕಂಪನಿಯ ಎರಡು ಮಾದರಿಗಳ ನಡುವಿನ ಅಂತರವು ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದಿರುತ್ತದೆ. ಸೀಗೇಟ್‌ನ 3 ಟಿಬಿಯ ಒಂದು ಮಾದರಿ ಕುಖ್ಯಾತವಾಯಿತು. ಅದೇ ಕಂಪನಿಯ 4 ಟಿಬಿ ಡಿಸ್ಕುಗಳು ಅಲ್ಲಿಯೇ ವರ್ಷಗಟ್ಟಲೆ ದುಡಿದವು. ಇಂದು ಉಳಿದಿರುವ ತಯಾರಕರು ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಮೂವರಲ್ಲಿ ಯಾರದ್ದು ಶ್ರೇಷ್ಠವೆಂದು ಜಗಳವಾಡುವುದರಲ್ಲಿ ನನಗಂತೂ ಆಸಕ್ತಿ ಉಳಿದಿಲ್ಲ.

ಲೆಕ್ಕದ_ಹುಳು

ಮಿತಿಯನ್ನು ಸರಾಸರಿಯಂತೆ ಬಳಸಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ನಿಮ್ಮ ಕಾಲುಭಾಗದ ಲೆಕ್ಕದಲ್ಲಿಯೂ ಒಂದು ಊಹೆ ಅಡಗಿದೆ: ಒಂದು ಡಿಸ್ಕಿನ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲವೆಂಬುದು. ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಡಬ್ಬದಿಂದ ತೆಗೆದ ನಾಲ್ಕು ಡಿಸ್ಕುಗಳು ಒಂದೇ ಕಾರ್ಖಾನೆಯಿಂದ ಒಂದೇ ವಾರ ಹೊರಟಿರುತ್ತವೆ, ಒಂದೇ ಲಾರಿಯಲ್ಲಿ ಕುಲುಕಿರುತ್ತವೆ, ಒಂದೇ ಫರ್ಮ್‌ವೇರ್ (ಡಿಸ್ಕಿನೊಳಗಿನ ತಂತ್ರಾಂಶ) ಹೊತ್ತಿರುತ್ತವೆ. 2019ರಲ್ಲಿ ಸರ್ವರ್‌ಗಳನ್ನು ಮಾರುವ ಎಚ್‌ಪಿಇ ಕಂಪನಿಯು ತನ್ನ ಕೆಲವು ಎಸ್‌ಎಸ್‌ಡಿಗಳು (ತಿರುಗುವ ತಟ್ಟೆಯಿಲ್ಲದ ಡಿಸ್ಕುಗಳು) ಸರಿಯಾಗಿ 32,768 ಗಂಟೆ ಓಡಿದ ಕೂಡಲೇ ಸಾಯುತ್ತವೆಂದು ಎಚ್ಚರಿಸಿ ಹೊಸ ಫರ್ಮ್‌ವೇರ್ ಕೊಟ್ಟಿತು. ಅವು ಹಾರ್ಡ್ ಡಿಸ್ಕುಗಳಲ್ಲ, ನಿಜ. ಆದರೆ ಒಟ್ಟಿಗೆ ಚಾಲೂ ಮಾಡಿದ ಒಂದು ಸಾಲಿಗೆ ಸಾಲೇ ಒಂದೇ ಗಳಿಗೆಯಲ್ಲಿ ಹೋದರೆ ರೇಡ್ ಇಡುವ ಯಾವ ಪ್ಯಾರಿಟಿಯೂ (ಕಳೆದದ್ದನ್ನು ಮರಳಿ ಕಟ್ಟುವ ಹೆಚ್ಚುವರಿ ಲೆಕ್ಕ) ಕಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾಗಿ ಸಾಗರದವರಿಗೆ ನನ್ನ ಸಲಹೆಯನ್ನೇ ಬದಲಿಸುತ್ತೇನೆ. ಪೆಟ್ಟಿಗೆಯಲ್ಲಿ ನಾಲ್ಕು ಕಿಂಡಿ ಇವೆಯೆಂದು ನಾಲ್ಕನ್ನೂ ತುಂಬಬೇಕಾಗಿಲ್ಲ. ನಿಮ್ಮದು ಐದು ಟೆರಾಬೈಟ್ ಮಾತ್ರ, ವರ್ಷಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ. 8 ಟಿಬಿಯ ಎರಡು ಡಿಸ್ಕುಗಳನ್ನು ಬೇರೆ ಬೇರೆ ಕಂಪನಿಯಿಂದ ಕೊಂಡು ಮಿರರ್ ಮಾಡಿ, ಎಂದರೆ ಎರಡರಲ್ಲೂ ಒಂದೇ ಮಾಹಿತಿ ಇರುವಂತೆ ಹೊಂದಿಸಿ. ಒಂದು ಸತ್ತರೆ ಇನ್ನೊಂದು ಅಖಂಡವಾಗಿ ಉಳಿದಿರುತ್ತದೆ. ಪೆಟ್ಟಿಗೆಯೇ ಸುಟ್ಟರೂ ಅದನ್ನು ಬೇರೆ ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಓದಬಹುದು. ರೀಬಿಲ್ಡ್ ಎಂದರೆ ಒಂದರಿಂದ ಇನ್ನೊಂದಕ್ಕೆ ನೇರ ನಕಲು, ಅರ್ಧ ದಿನದ ಕೆಲಸ. ಸಾಧ್ಯವಿದ್ದರೆ ಜೆಡ್‌ಎಫ್‌ಎಸ್ ಅಥವಾ ಅದರಂತಹದೇ ಬಿಟಿಆರ್‌ಎಫ್‌ಎಸ್ ಬಳಸಿ. ಸಾಮಾನ್ಯ ಮಿರರ್‌ನಲ್ಲಿ ಎರಡು ಪ್ರತಿಗಳು ಹೊಂದದಿದ್ದರೆ ಯಾವುದು ಸರಿಯೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಇವೆರಡರಲ್ಲಿ ಪ್ರತಿ ತುಣುಕಿಗೂ ಚೆಕ್‌ಸಮ್ (ಒಳಗಿನದು ಬದಲಾಗಿದೆಯೇ ಎಂದು ತೋರಿಸುವ ಸಂಖ್ಯೆ) ಇರುವುದರಿಂದ ತಿಳಿಯುತ್ತದೆ. ಉಳಿದ ದುಡ್ಡಿನಲ್ಲಿ ಮೂರನೆಯ 8 ಟಿಬಿ ಡಿಸ್ಕು ಕೊಂಡು, ಮಾಹಿತಿಯನ್ನು ಪ್ರತಿ ಮಾಡಿ, ಬೇರೆ ಊರಿನ ನೆಂಟರ ಮನೆಯ ಬೀರುವಿನಲ್ಲಿಡಿ. ಮಗು ತಪ್ಪಿ ಅಳಿಸಿದರೆ ರೇಡ್ ಎಲ್ಲ ಡಿಸ್ಕುಗಳಲ್ಲಿಯೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಸಿಡಿಲಿಗೆ ಪೆಟ್ಟಿಗೆಯ ನಾಲ್ಕೂ ಒಂದೇ.

ಡಬ್ಲಿನ್_ವಾಸಿ

ಖರ್ಚು ಇಳಿಸುವ ಎರಡು ದಾರಿಗಳನ್ನು ಯಾರೂ ಹೇಳಲಿಲ್ಲ. ಒಂದು, ಯುಎಸ್‌ಬಿಯ ದೊಡ್ಡ ಡಿಸ್ಕುಗಳನ್ನು ಕೊಂಡು ಕವಚ ಬಿಚ್ಚಿ ಒಳಗಿನದನ್ನು ಬಳಸುವುದು. 8 ಟಿಬಿಗಿಂತ ಮೇಲಿನವುಗಳಲ್ಲಿ ಹಲವು ಸಲ ಉತ್ತಮ ದರ್ಜೆಯ ಡಿಸ್ಕೇ ಇರುತ್ತದೆ. ಇನ್ನೊಂದು, ಡೇಟಾ ಸೆಂಟರ್‌ಗಳಿಂದ ಹೊರಬಂದ ಬಳಸಿದ ಡಿಸ್ಕುಗಳು. ನಾನು ಮುಂದಿನ ಬಾರಿ ಊರಿಗೆ ಬರುವಾಗ ಇಲ್ಲಿಂದ ತಂದುಕೊಡಲೂಬಹುದು.

ಹಳೆಯ_ಸ್ಪಿಂಡಲ್

ನಿಮ್ಮ ಒಳ್ಳೆಯ ಮನಸ್ಸಿಗೆ ವಂದನೆಗಳು, ಆದರೆ ಮೊದಲ ಬಾರಿಗೆ ಕಟ್ಟುವವರಿಗೆ ಇವೆರಡನ್ನೂ ನಾನು ಹೇಳಲಾರೆ. ಕವಚ ಬಿಚ್ಚಿದ ಡಿಸ್ಕಿಗೆ ವಾರಂಟಿ ಕೇಳಲು ಹೋದರೆ ವಾದಕ್ಕೆ ನಿಲ್ಲಬೇಕಾಗುತ್ತದೆ. ಕೆಲವು ಡಿಸ್ಕುಗಳು ಹಳೆಯ ಪವರ್ ಸಪ್ಲೈನಲ್ಲಿ ಜೋಡಿಸಿದರೆ ತಿರುಗುವುದೇ ಇಲ್ಲ, ಏಕೆಂದರೆ ಹೊಸ ಸಾಟಾ (ಡಿಸ್ಕು ಜೋಡಿಸುವ ತಂತಿಯ) ನಿಯಮದಲ್ಲಿ ಮೂರನೆಯ ಪಿನ್ನಿಗೆ 3.3 ವೋಲ್ಟ್ ಬಂದರೆ ಡಿಸ್ಕು ಆರಿರಬೇಕೆಂದು ಅರ್ಥ. ಆ ಪಿನ್ನಿಗೆ ಟೇಪ್ ಅಂಟಿಸುತ್ತ ಕೂರುವುದು ನನಗೆ ಖುಷಿ, ಎಲ್ಲರಿಗೂ ಅಲ್ಲ. ಹೊರದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗದಿರುವುದೂ ಉಂಟು; ಕ್ರಮಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಭಾರತವನ್ನು ಆರಿಸಿ ನೋಡಿಯೇ ತಿಳಿಯಬೇಕು.

ಬಳಸಿದ ಡಿಸ್ಕನ್ನು ಬಳಸಿದ್ದೆಂದೇ ಮಾರಿದರೆ ತಪ್ಪಿಲ್ಲ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಯಲಾದದ್ದು ಬೇರೆ: ಸಾವಿರಾರು ಗಂಟೆ ಓಡಿದ ಸೀಗೇಟ್ ಎಕ್ಸಾಸ್ ಡಿಸ್ಕುಗಳ ಸ್ಮಾರ್ಟ್ ಅಂಕಿಗಳನ್ನು ಸೊನ್ನೆ ಮಾಡಿ, ಹೊಸದೆಂದು ಅಂಗಡಿಗಳ ಮೂಲಕ ಮಾರಲಾಗಿತ್ತು. ಸೀಗೇಟ್ ಡಿಸ್ಕುಗಳಲ್ಲಿ ಫಾರ್ಮ್ ಎಂಬ ಇನ್ನೊಂದು ದಾಖಲೆ ಇದೆ. ಅದರಲ್ಲಿ ನಿಜವಾದ ಗಂಟೆಗಳು ಉಳಿದಿದ್ದವು. ಹೊಸ ಆವೃತ್ತಿಯ ಸ್ಮಾರ್ಟ್‌ಸಿಟಿಎಲ್ ಅದನ್ನು ತೋರಿಸುತ್ತದೆ. ಡಬ್ಬಿ ಒಡೆದ ದಿನವೇ ಎರಡನ್ನೂ ತಾಳೆ ನೋಡಿ.

ತಾಳಮದ್ದಳೆ_ಸಾಗರ

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಎರಡು ಡಿಸ್ಕಿನ ಮಿರರ್, ಹೊರಗೊಂದು ಪ್ರತಿ ಎಂಬುದಕ್ಕೆ ಮನಸ್ಸು ಒಪ್ಪಿದೆ. ನಮ್ಮ ಮನೆಯ ಸ್ಥಿತಿಯ ಬಗ್ಗೆ ಒಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ಬೆವರುತ್ತವೆ, ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಮನೆಗೆಲ್ಲ ಸೇರಿಸಿದ ಇನ್ವರ್ಟರ್ ಇದೆ. ಅದು ಸಾಕೇ? ರಾತ್ರಿ ಡಿಸ್ಕು ನಿಲ್ಲುವಂತೆ ಮಾಡಬೇಕೇ?

ಕರಾವಳಿ_ಸರ್ವರ್

ಇನ್ವರ್ಟರ್ ಸಾಲದು. ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವ ಆ ಕ್ಷಣವನ್ನು ಪೆಟ್ಟಿಗೆ ತಡೆದುಕೊಂಡರೂ, ಬ್ಯಾಟರಿ ಮುಗಿಯುತ್ತ ಬಂದಿದೆಯೆಂದು ಅದಕ್ಕೆ ಹೇಳುವವರು ಯಾರೂ ಇಲ್ಲ. ಯುಎಸ್‌ಬಿ ತಂತಿಯಿರುವ ಒಂದು ಸಣ್ಣ ಯುಪಿಎಸ್ ಕೊಂಡು ಪೆಟ್ಟಿಗೆಗೆ ಜೋಡಿಸಿ; ಐದು ನಿಮಿಷ ಕರೆಂಟು ಬಾರದಿದ್ದರೆ ತಾನಾಗಿಯೇ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಹೊಂದಿಸಿ. ನಾನು ಇದನ್ನು ಮಾಡಿದ್ದು ಮೊದಲ ಪೆಟ್ಟಿಗೆ ಕಳೆದುಕೊಂಡ ಮೇಲೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ತೇವದ ವಿಷಯದಲ್ಲಿ, ಓಡುತ್ತಿರುವ ಡಿಸ್ಕು ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಅಪಾಯವಿರುವುದು ನಿಲ್ಲಿಸಿ ಇಟ್ಟಿದ್ದಕ್ಕೆ. ಗಾಳಿ ತುಂಬಿದ ಡಿಸ್ಕುಗಳ ಮೈಮೇಲೆ ಉಸಿರಾಟದ ಒಂದು ಸಣ್ಣ ರಂಧ್ರವಿರುತ್ತದೆ, ಅದನ್ನು ಮುಚ್ಚಬಾರದು. ಬೀರುವಿನಲ್ಲಿಡುವ ಮೂರನೆಯ ಡಿಸ್ಕನ್ನು ಸಿಲಿಕಾ ಜೆಲ್ ಚೀಲದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ನಿಲ್ಲಿಸಿ ಓಡಿಸುವ ಬಗ್ಗೆ ಅಭಿಪ್ರಾಯಗಳು ಬೇರೆ ಬೇರೆ; ದಿನಕ್ಕೆ ಒಂದೆರಡು ಸಲ ನಿಂತರೆ ತೊಂದರೆಯಿಲ್ಲ, ಹತ್ತು ನಿಮಿಷಕ್ಕೊಮ್ಮೆ ನಿಂತು ಏಳುವಂತೆ ಮಾಡಬೇಡಿ. ಇನ್ನೊಂದು, ಇರುವೆ. ನಗಬೇಡಿ, ಬೆಚ್ಚಗಿನ ಪೆಟ್ಟಿಗೆಯೆಂದರೆ ಅವಕ್ಕೆ ಮಳೆಗಾಲದ ಛತ್ರ.

ತಾಳಮದ್ದಳೆ_ಸಾಗರ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ರೆಡ್ ಪ್ಲಸ್ ಒಂದು, ಐರನ್‌ವುಲ್ಫ್ ಒಂದು, ಎನ್300 ಒಂದು, ಮೂರೂ 8 ಟಿಬಿಯವು. ಎರಡು ಅಂಗಡಿಗಳಿಂದ, ಮಾದರಿ ಸಂಖ್ಯೆ ನೋಡಿಯೇ ಕೊಂಡೆ. ರೆಡ್ ಪ್ಲಸ್ ಮಾತ್ರ ನಿಧಾನ ಸುತ್ತಿನದು, ಉಳಿದವು 7200 ಸುತ್ತಿನವು. ಜೋಡಿಯಾಗಿ ಓಡಿಸಲು ಅದರಿಂದ ಏನೂ ತೊಂದರೆಯಾಗಿಲ್ಲ, ಸದ್ದು ಮಾತ್ರ ಎರಡು ಶ್ರುತಿಯದು. ಒಂದು ಬೈಟ್ ಹಾಕುವುದಕ್ಕೂ ಮೊದಲು ಪ್ರತಿಯೊಂದರ ಮೇಲೂ ಬ್ಯಾಡ್‌ಬ್ಲಾಕ್ಸ್ ಪರೀಕ್ಷೆ ನಡೆಸಿದೆ. ನಾಲ್ಕು ವಿನ್ಯಾಸಗಳಲ್ಲಿ ಪೂರ್ತಿ ಬರೆದು ಪೂರ್ತಿ ಓದುವುದರಿಂದ ಒಂದೊಂದಕ್ಕೆ ನಾಲ್ಕೂವರೆ ದಿನ ಹಿಡಿಯಿತು. ಮೂರರಲ್ಲಿ ಒಂದು ಎರಡನೆಯ ದಿನವೇ ಸ್ಮಾರ್ಟ್‌ನ 197ನೆಯ ಅಂಕಿಯಲ್ಲಿ, ಅಂದರೆ ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳ ಲೆಕ್ಕದಲ್ಲಿ, 8 ಎಂದು ತೋರಿಸಿತು. ಅಂಗಡಿಯವರು ಮೊದಲು ಗೊಣಗಿದರೂ ವರದಿ ಕಂಡು ಬದಲಿಸಿಕೊಟ್ಟರು. ಯಾವ ಕಂಪನಿಯದೆಂದು ಬರೆಯುವುದಿಲ್ಲ. ಒಂದು ಡಿಸ್ಕಿನಿಂದ ಯಾವ ತೀರ್ಮಾನಕ್ಕೂ ಬರಲಾಗದೆಂದು ಇಲ್ಲಿಯೇ ಕಲಿತಿದ್ದೇನೆ.

ನಕಲು ಮಾಡುವಾಗ ಹಳೆಯ ಎರಡು ಯುಎಸ್‌ಬಿ ಡಿಸ್ಕುಗಳ ಕಡತಗಳನ್ನು ಚೆಕ್‌ಸಮ್ ಹಾಕಿ ಹೋಲಿಸಿದೆ. ಮೂರು ಧ್ವನಿ ಕಡತಗಳು ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರಲಿಲ್ಲ. ಟಿಕ್ ಟಿಕ್ ಎನ್ನುವುದರಲ್ಲೇ ಕೆಟ್ಟಿರಬಹುದೆಂದು ಕೇಳಿ ನೋಡಿದರೆ, ಹಾಳಾಗಿದ್ದದ್ದು ಸದ್ದಿಲ್ಲದೆ ಓಡುತ್ತಿದ್ದ ಡಿಸ್ಕಿನ ಎರಡು ಕಡತಗಳು, ಟಿಕ್ ಟಿಕ್ ಡಿಸ್ಕಿನದು ಒಂದು.

ಲೆಕ್ಕದ_ಹುಳು

ಹಾಗಿದ್ದರೆ ಪ್ರತಿಯೊಂದಕ್ಕೂ ಇನ್ನೊಂದು ಕಡೆ ಸರಿಯಾದ ಪ್ರತಿ ಉಳಿದಿರಬೇಕಲ್ಲ? ಕ್ಯಾಸೆಟ್‌ಗಳನ್ನು ಎಸೆದಿಲ್ಲ ತಾನೆ?

ತಾಳಮದ್ದಳೆ_ಸಾಗರ

ಎರಡಕ್ಕೆ ಉಳಿದಿತ್ತು. ಮೂರನೆಯದರಲ್ಲಿ, ಮತ್ತೆ ಕೇಳಿ ನೋಡಿದರೆ, ಎರಡು ಪ್ರತಿಗಳೂ ಬೇರೆ ಬೇರೆ ಜಾಗದಲ್ಲಿ ಕೆಟ್ಟಿದ್ದವು. ಕತ್ತರಿಸಿ ಜೋಡಿಸುವ ಬದಲು ಕ್ಯಾಸೆಟ್ಟನ್ನೇ ಮತ್ತೆ ಹುಡುಕಿ ತೆಗೆದೆ. ಟೇಪಿಗೆ ಒಂದು ಬದಿಯಲ್ಲಿ ಸ್ವಲ್ಪ ಬೂಷ್ಟು ಹಿಡಿದಿತ್ತು, ನಿಧಾನವಾಗಿ ಒರೆಸಿ ಓಡಿಸಿದೆ, ಬಂತು. ಮೂರನೆಯ ಡಿಸ್ಕು ದೀಪಾವಳಿಗೆ ಬಂದಿದ್ದ ತಂಗಿಯ ಜೊತೆ ಹುಬ್ಬಳ್ಳಿಗೆ ಹೋಗಿದೆ. ಯುಗಾದಿಗೆ ನಾನು ಅಲ್ಲಿಗೆ ಹೋಗುವಾಗ ಹೊಸ ಕಡತಗಳನ್ನು ತುಂಬಿಸಿ, ಪೂರ್ತಿ ಓದಿಸಿ ನೋಡಿ ಬರುತ್ತೇನೆ.